ಒಂದೇ ಬೇಯಿಸುವಿಕೆಯಲ್ಲಿ ಎರಡು ಅಡುಗೆ
ಶಾಲೆಗಳು ಮತ್ತೆ ತೆರೆಯುವ ಜೂನ್ ಹೊತ್ತಿಗೆ ಪತ್ರಿಕಾ ಪುರವಣಿಗಳು ಮಕ್ಕಳ ಡಬ್ಬಿಗೆ ದಿನಕ್ಕೊಂದು ಹೊಸ ತಿಂಡಿಯ ಪಟ್ಟಿಯನ್ನು ಒದಗಿಸುತ್ತವೆಯಾದರೂ, ತಂದೆತಾಯಿ ಇಬ್ಬರೂ ದುಡಿಯುವ ಮನೆಯಲ್ಲಿ ಕೊರತೆಯಿರುವುದು ಸಮಯಕ್ಕೆ ಎಂಬುದನ್ನು ಅವು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಹಳೆಯ ಮೈಸೂರು ಸೀಮೆಯ ಬಸ್ಸಾರು, ಅಂದರೆ ಬೆಂದ ಕಾಳು ಮತ್ತು ಸೊಪ್ಪಿನಿಂದ ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಕುದಿಸುವ ಸಾರು, ಈ ಲೆಕ್ಕವನ್ನು ಬಲ್ಲದು: ಕುಕ್ಕರಿನಲ್ಲಿ ಹೆಸರುಕಾಳು ಬೆಂದ ಮೇಲೆ ದಂಟಿನ ಸೊಪ್ಪನ್ನು ಸೇರಿಸಿ ನಾಲ್ಕೈದು ನಿಮಿಷ ಬೇಯಿಸಿ ಬಸಿದರೆ, ಮೇಲೆ ಉಳಿದದ್ದು ಈರುಳ್ಳಿ, ಕಾಯಿತುರಿಯ ಒಗ್ಗರಣೆಯಲ್ಲಿ ಪಲ್ಯವಾಗುತ್ತದೆ, ಕೆಳಗಿಳಿದ ಕಟ್ಟು ಸಾರಾಗುತ್ತದೆ. ಸೊಪ್ಪಿನಲ್ಲಿರುವ ಫೋಲೇಟ್ ಎಂಬ ಬಿ ಗುಂಪಿನ ಜೀವಸತ್ವವು ನೀರಿನಲ್ಲಿ ಕರಗುವಂಥದ್ದಾದ್ದರಿಂದ, ಕಟ್ಟನ್ನು ಚೆಲ್ಲುವವರು ಸೊಪ್ಪಿನ ಸಾರದ ಒಂದು ಪಾಲನ್ನೇ ಚೆಲ್ಲಿದಂತೆ. ಖಾರ ಬೀಳುವ ಮುನ್ನವೇ ಎರಡು ಸೌಟು ಕಟ್ಟನ್ನೂ ಒಂದು ಹಿಡಿ ಕಾಳನ್ನೂ ತೆಗೆದಿಟ್ಟು, ಮೆತ್ತಗಿನ ಅನ್ನದೊಡನೆ ತುಪ್ಪ ಹಾಕಿ ಹಿಸುಕಿದರೆ ಎರಡು ವರ್ಷದ ಮಗುವಿಗೆ ಬೇರೆ ಅಡುಗೆ ಬೇಕಾಗುವುದಿಲ್ಲ. ಮಗು ಅದನ್ನು ಉಣ್ಣುತ್ತದೆಯೇ ಎಂಬುದು ಯಾವ ಪುರವಣಿಯೂ ಬಗೆಹರಿಸಲಾರದ ಪ್ರಶ್ನೆ. ದೊಡ್ಡವರಿಗೆ ಜೊತೆಗಿರುವ ಮುದ್ದೆಯ ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದು, ಅಕ್ಕಿ, ಗೋಧಿಗಳು ಅದರ ಹತ್ತಿರಕ್ಕೂ ಬರುವುದಿಲ್ಲ; ಪಲ್ಯದ ಮೇಲೆ ಹಿಂಡಿದ ನಿಂಬೆಯ ಸಿ ಜೀವಸತ್ವವು ಸೊಪ್ಪು, ಕಾಳುಗಳ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಇಡೀ ಕೆಲಸದಲ್ಲಿ ತ್ರಾಸದಾಯಕವಾದುದು ಸೊಪ್ಪು ಬಿಡಿಸುವುದು ಒಂದೇ, ಅದನ್ನು ಹಿಂದಿನ ರಾತ್ರಿ ಟಿವಿಯ ಮುಂದೆ ಕುಳಿತ ಗಂಡಸರೂ ಮಾಡಬಹುದು.