ಕೇಬಲ್ ಬಿಟ್ಟೆ, ಕತ್ತರಿ ಬಿಡಲಿಲ್ಲ

ಮನೆಯ ಕೇಬಲ್ ತೆಗೆಸಿ ವರ್ಷಗಳಾದವು. ರಾತ್ರಿ ಊಟ ಮುಗಿಸಿ ಓಟಿಟಿಯಲ್ಲಿ ಕ್ರೈಂ ಸೀರೀಸ್ ಹಾಕೋದು ಈಗ ನನ್ನ ಚಟ. ಸುಳ್ಳೇಕೆ, ಮಜಾ ಬರುತ್ತೆ. ಆದರೆ 2020ರ ಮೇನಲ್ಲಿ ಬಂದ ‘ಪಾತಾಳ್ ಲೋಕ್’ ಮಜಾಕ್ಕಿಂತ ಹೆಚ್ಚಾಗಿ ಕಾಡಿತು. ದೆಹಲಿಯ ಠಾಣೆಯಲ್ಲಿ ಅನ್ಸಾರಿ ಎಂಬ ಮುಸ್ಲಿಂ ಪೊಲೀಸ್, ಸಹೋದ್ಯೋಗಿಗಳ ಚುಚ್ಚುಮಾತು ನುಂಗಿಕೊಂಡೇ ಯುಪಿಎಸ್‌ಸಿಗೆ ಓದ್ತಿರ್ತಾನೆ. ಒಬ್ಬ ಆರೋಪಿಯ ಹಿನ್ನೆಲೆ ಕೆದಕಿದರೆ ಸಿಗೋದು ಪಂಜಾಬಿನ ಹಳ್ಳಿಯೊಂದರ ಜಾತಿ ದೌರ್ಜನ್ಯ. ನಾನು ನೋಡುತ್ತಿದ್ದ ಚಾನೆಲ್ ಕ್ರೈಂ ಶೋಗಳಲ್ಲಿ ಕೊಲೆಗೆ ಕಾರಣ ಅಕ್ರಮ ಸಂಬಂಧ, ಇಲ್ಲಾ ಆಸ್ತಿ. ಪೊಲೀಸರಂತೂ ಸದಾ ಸರಿ!

ಈ ಸಲುಗೆ ಬಹಳ ದಿನ ಬಾಳಲಿಲ್ಲ. 2021ರ ಜನವರಿಯಲ್ಲಿ ‘ತಾಂಡವ್’ ಮೇಲೆ ಎಫ್‌ಐಆರ್‌ಗಳು ಬಿದ್ದವು. ತಂಡ ಕ್ಷಮೆ ಕೇಳಿ ದೃಶ್ಯಗಳಿಗೆ ಕತ್ತರಿ ಹಾಕಿತು. ಮರು ತಿಂಗಳೇ ಕೇಂದ್ರದ ಹೊಸ ಐಟಿ ನಿಯಮ ಬಂತು. ವಯಸ್ಸಿನ ವರ್ಗೀಕರಣಕ್ಕೆ ನನ್ನ ತಕರಾರಿಲ್ಲ. ಆದರೆ ದೂರು ವಿಚಾರಣೆಯ ಮೂರನೇ ಹಂತದಲ್ಲಿ ಕೂತದ್ದು ಸರ್ಕಾರವೇ. ಆ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಈ ವ್ಯವಸ್ಥೆಗೆ ತಡೆ ಕೊಟ್ಟಿತು, ನಿಜ. ಅಷ್ಟರಲ್ಲಿ ಭಯ ಬರೆಯುವವರ ಕೋಣೆಗೇ ಬಂದಿತ್ತು ಅಂತ ನನ್ನ ಅನುಮಾನ.

‘ಪಾತಾಳ್ ಲೋಕ್’ ಎರಡನೇ ಸೀಸನ್ 2025ರ ಜನವರಿಯಲ್ಲಿ ಬಂತು. ಕಥೆ ನಾಗಾಲ್ಯಾಂಡ್‌ಗೆ ಹೋಗುತ್ತೆ, ಚೆನ್ನಾಗಿದೆ. ಅನ್ಸಾರಿ ಈಗ ಐಪಿಎಸ್. ಆದರೆ ಮೊದಲ ಸೀಸನ್ ಒತ್ತಿದ ಗಾಯವನ್ನು ಇದು ಅಷ್ಟು ಜೋರಾಗಿ ಒತ್ತೋದಿಲ್ಲ.