ಖಾಲಿ ಪೇಜ್ ಓಪನ್ ಮಾಡಿ, ಕನ್ನಡದಲ್ಲಿ ಬರೀರಿ

ಥರ್ಡ್ ಸೆಮ್ ಶುರುವಾಗೋ ಹಿಂದಿನ ಭಾನುವಾರ ಗೋಕುಲಂ ಮನೆಯಲ್ಲಿ ಬೆಳಗ್ಗೆ ಹತ್ತಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತು ರಾತ್ರಿ ಒಂಬತ್ತಕ್ಕೆ ಎದ್ದೆ. ಅಷ್ಟು ಹೊತ್ತು ಮಾಡಿದ್ದು ಒಂದೇ ಕೆಲಸ, ನೋಟ್ಸ್ ಆ್ಯಪ್ ಸೆಟಪ್. ಪ್ರತಿ ಸಬ್ಜೆಕ್ಟಿಗೂ ಒಂದು ಬಣ್ಣ, ಒಂದು ಐಕಾನ್. ಐದು ಮಾಡ್ಯೂಲಿಗೆ ಐದು ಪೇಜ್. ಎಷ್ಟು ಓದಿದ್ದೀನಿ ಅಂತ ತೋರಿಸೋಕೆ ಒಂದು ಪ್ರೋಗ್ರೆಸ್ ಬಾರ್. ಎಲ್ಲಕ್ಕೂ ಮೇಲೆ ಚಾಮುಂಡಿ ಬೆಟ್ಟದ ಫೋಟೊ. ಅಮ್ಮ ಎರಡು ಸಲ ಊಟಕ್ಕೆ ಕರೆದ್ರು. ಎರಡು ಸಲಾನೂ 'ಓದ್ತಿದೀನಿ' ಅಂದೆ.

ಮೊದಲನೇ ಇಂಟರ್ನಲ್ಸ್ ಬಂತು. ಆಪರೇಟಿಂಗ್ ಸಿಸ್ಟಮ್ಸ್‌ನಲ್ಲಿ 25ಕ್ಕೆ 9.

ಆಮೇಲೆ ಆ ಚೆಂದದ ಪೇಜುಗಳನ್ನ ಮತ್ತೆ ತೆಗೆದು ನೋಡಿದೆ. ಒಳಗೆ ನಂದು ಅನ್ನೋದು ಒಂದು ಸಾಲೂ ಇರಲಿಲ್ಲ. ಪಿಪಿಟಿಯಿಂದ ಕಾಪಿ, ಪೇಜಿಗೆ ಪೇಸ್ಟ್. ಪ್ರೋಗ್ರೆಸ್ ಬಾರ್ ಮಾತ್ರ 80 ಪರ್ಸೆಂಟ್ ತೋರಿಸ್ತಿತ್ತು, ಪಾಪ, ಅದಕ್ಕೇನು ಗೊತ್ತು.

ಈಗ ಜೂನಿಯರ್ಸ್ ಬಂದಿದ್ದಾರೆ. ಕ್ಯಾಂಟೀನಲ್ಲಿ ಸಿಕ್ಕಿದಾಗೆಲ್ಲ ಕೇಳೋದು 'ಯಾವ ಆ್ಯಪ್ ಒಳ್ಳೇದು?' ಅಂತ. ಬೇಗ ಹೇಳಿ ಮುಗಿಸಿಬಿಡ್ತೀನಿ. ಬ್ರೌಸರಲ್ಲಿ ತೆರೆಯೋ ಯಾವುದಾದ್ರೂ ಆಗುತ್ತೆ. ಲಿಸ್ಟ್ ಥರ ಚಿಕ್ಕ ಚಿಕ್ಕ ವಿಷಯಕ್ಕೆ ಗೂಗಲ್ ಕೀಪ್ ಸಾಕು. ಸ್ಟೈಲಸ್ ಇಟ್ಕೊಂಡು ಚಿತ್ರ ಬಿಡಿಸೋರಿಗೆ ಒನ್‌ನೋಟ್ ಸರಿ. ಮ್ಯಾಥ್ಸ್ ಸಮೀಕರಣ ಬರೀಬೇಕು, ಒಂದು ಪೇಜಿಂದ ಇನ್ನೊಂದಕ್ಕೆ ಲಿಂಕ್ ಕೊಡಬೇಕು ಅಂದ್ರೆ ನೋಷನ್. ಇದರಲ್ಲಿ ಯಾವುದನ್ನ ಆರಿಸಿದ್ರೂ ಮಾರ್ಕ್ಸಲ್ಲಿ ಒಂದೂ ಹೆಚ್ಚಾಗಲ್ಲ, ಕಡಿಮೆಯೂ ಆಗಲ್ಲ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆ ಖಾಲಿ ಪೇಜಲ್ಲಿ ಯಾವ ಭಾಷೇಲಿ ಬರೀತೀರಾ?

ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಸೆಕೆಂಡ್ ಲ್ಯಾಂಗ್ವೇಜ್. ಒತ್ತಕ್ಷರ ಈಗಲೂ ತಪ್ಪುತ್ತೆ (ಈ ಲೇಖನವನ್ನ ತಿದ್ದಿದ ಎಡಿಟರ್‌ಗೆ ಥ್ಯಾಂಕ್ಸ್). ಮೊದಲ ವರ್ಷ ವಿಟಿಯು ನಮಗೆ ಸಾಂಸ್ಕೃತಿಕ ಕನ್ನಡ, ಕನ್ನಡ ಬಾರದವರಿಗೆ ಬಳಕೆ ಕನ್ನಡ ಅಂತ ಒಂದು ಪೇಪರ್ ಇಡುತ್ತೆ. ಬರೆದು ಪಾಸ್ ಆಗ್ತೀವಿ. ಅಲ್ಲಿಗೆ ಮುಗೀತು. ಆಮೇಲೆ ಕನ್ನಡ ಕ್ಯಾಂಟೀನಿಗೆ, ಇಂಗ್ಲಿಷ್ ಬ್ಲೂ ಬುಕ್ಕಿಗೆ. ಎರಡೂ ಒಂದೇ ತಲೆಯೊಳಗೆ ಇದ್ರೂ ಒಂದಕ್ಕೊಂದು ಮಾತಾಡಲ್ಲ.

ನನ್ನ ಪಕ್ಕ ಕೂರೋನು ಎಚ್.ಡಿ. ಕೋಟೆ ಕಡೆಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಹಾಸ್ಟೆಲ್. ಕ್ಲಾಸಲ್ಲಿ ಅವನು ಬಾಯಿ ಬಿಟ್ಟಿದ್ದು ನಾನು ನೋಡಿದ್ದು ಅಟೆಂಡೆನ್ಸ್‌ಗೆ ಮಾತ್ರ. ಬೋರ್ಡ್ ಮೇಲಿದ್ದದ್ದನ್ನ ಒಂದಕ್ಷರ ಬಿಡದೆ ಬರ್ಕೊಳ್ತಾನೆ. ಇಂಟರ್ನಲ್ಸ್ ಪೇಪರ್ ಕೈಗೆ ಬಂದ ದಿನ ಲೈಬ್ರರಿ ಮೆಟ್ಟಿಲ ಮೇಲೆ ಕೂತಿದ್ವಿ. ಡೆಡ್‌ಲಾಕ್ ಪ್ರಶ್ನೆಗೆ ನನಗೆ ಸಿಕ್ಕಿದ್ದು ಸೊನ್ನೆ. ನಾಲ್ಕು ಕಂಡೀಶನ್ ಹೆಸರು ನೆನಪಿತ್ತು, ಒಂದಕ್ಕೂ ಅರ್ಥ ನೆನಪಿರಲಿಲ್ಲ, ಹಾಗಾಗಿ ವಿವರಣೆಗಳೆಲ್ಲ ಅದಲು ಬದಲು.

ಅವನು ಹೇಳಿದ. 'ಮಗಾ, ಹಾಸ್ಟೆಲ್ ಬಾತ್‌ರೂಮ್ ನೆನೆಸ್ಕೋ. ಒಬ್ಬನ ಹತ್ರ ಬಕೆಟ್ ಇದೆ, ಇನ್ನೊಬ್ಬನ ಹತ್ರ ಮಗ್ ಇದೆ. ಸ್ನಾನಕ್ಕೆ ಎರಡೂ ಬೇಕು. ಇರೋದು ಒಂದೊಂದೇ, ಒಂದ್ಸಲಕ್ಕೆ ಒಬ್ಬನೇ ಹಿಡ್ಕೊಳ್ಳೋಕಾಗೋದು. ಅದು ಮ್ಯೂಚುಯಲ್ ಎಕ್ಸ್‌ಕ್ಲೂಶನ್. ಇದ್ದದ್ದು ಬಿಡಲ್ಲ, ಇಲ್ಲದ್ದು ಬೇಕು. ಅದು ಹೋಲ್ಡ್ ಅಂಡ್ ವೇಟ್. ಕೈಯಿಂದ ಕಿತ್ಕೊಳ್ಳೋ ಹಾಗಿಲ್ಲ. ನೋ ಪ್ರಿಎಂಪ್ಶನ್. ಇವನು ಅವನಿಗೆ ಕಾಯ್ತಾನೆ, ಅವನು ಇವನಿಗೆ ಕಾಯ್ತಾನೆ. ಸರ್ಕ್ಯುಲರ್ ವೇಟ್. ನಾಲ್ಕೂ ಸೇರಿದ್ರೆ ಇಬ್ಬರಿಗೂ ಸ್ನಾನ ಇಲ್ಲ, ಇಬ್ಬರೂ ಕ್ಲಾಸಿಗೆ ಲೇಟ್.'

ಇದ್ದದ್ದು ಬಿಡಲ್ಲ, ಇಲ್ಲದ್ದು ಬೇಕು. ನಾಲ್ಕು ಪದದಲ್ಲಿ ಮುಗೀತು. ಆ ಹನ್ನೊಂದು ಗಂಟೆ ಸೆಟಪ್ ಮಾಡಿದ ನನ್ನ ವರ್ಕ್‌ಸ್ಪೇಸಿನಲ್ಲಿ ಈ ನಾಲ್ಕು ಪದಕ್ಕೆ ಸಮನಾದದ್ದು ಯಾವುದೂ ಇರಲಿಲ್ಲ. 'ಇಷ್ಟು ಗೊತ್ತಿದ್ರೂ ನಿನಗೆ ಯಾಕೋ 11 ಬಂತು?' ಅಂದೆ. 'ಇದನ್ನ ಇಂಗ್ಲಿಷಲ್ಲಿ ಹೆಂಗ್ ಬರೀಲಿ?' ಅಂದ.

ನನಗೆ ಇಂಗ್ಲಿಷ್ ಇತ್ತು, ಅರ್ಥ ಇರಲಿಲ್ಲ. ಅವನಿಗೆ ಅರ್ಥ ಇತ್ತು, ಇಂಗ್ಲಿಷ್ ಇರಲಿಲ್ಲ. ಬಕೆಟ್ಟು, ಮಗ್ಗು. ಅವತ್ತು ಸಂಜೆ ಬ್ರೌಸರಲ್ಲಿ ಒಂದು ಖಾಲಿ ಪೇಜ್ ತೆಗೆದು ಅವನಿಗೆ ಲಿಂಕ್ ಕಳಿಸಿದೆ. ಐಕಾನ್ ಇಲ್ಲ, ಬಣ್ಣ ಇಲ್ಲ, ಬೆಟ್ಟ ಇಲ್ಲ.

ಈ ಪದ್ಧತಿ ನಮ್ಮ ಕಂಡುಹಿಡಿತ ಏನಲ್ಲ ಅಂತ ಆಮೇಲೆ ನಮ್ಮ ಏರಿಯಾದಲ್ಲೇ ಗೊತ್ತಾಯ್ತು. ಗೋಕುಲಂ ಗೊತ್ತಲ್ಲ, ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯೋಕೆ ಪ್ರಪಂಚದ ಎಲ್ಲ ಕಡೆಯಿಂದ ಜನ ಬಂದು ಇಳಿದುಕೊಳ್ಳೋ ಜಾಗ. ಬೆಳಗ್ಗೆ ಪ್ರಾಕ್ಟೀಸ್ ಮುಗಿಸಿ ಎಳನೀರು ಗಾಡಿ ಹತ್ರ ಗುಂಪು ಕಟ್ಟಿ ನಿಂತಿರ್ತಾರೆ. ಒಂದಿನ ನಾನೂ ಎಳನೀರು ಕುಡೀತಾ ಪಕ್ಕದವರ ನೋಟ್‌ಬುಕ್ಕಿಗೆ ಇಣುಕಿ ನೋಡಿದೆ (ತಪ್ಪು, ಗೊತ್ತು). ಆಸನದ ಹೆಸರು ಮಾತ್ರ ಸಂಸ್ಕೃತ, ಇಂಗ್ಲಿಷ್ ಅಕ್ಷರದಲ್ಲಿ. ಉಳಿದಿದ್ದೆಲ್ಲ, ಬಾಣದ ಗುರುತು ಹಾಕಿ ಪಕ್ಕದಲ್ಲಿ ಬರೆದದ್ದೆಲ್ಲ, ರಷ್ಯನ್ ಲಿಪಿ. ಮಂಡಿ ಎಲ್ಲಿ ಬರಬೇಕು, ಉಸಿರು ಯಾವಾಗ ಬಿಡಬೇಕು ಅನ್ನೋದನ್ನ ಅವರು ಸಂಸ್ಕೃತದಲ್ಲಿ ಬರ್ಕೊಳ್ತಾ ಕೂತಿಲ್ಲ. ಹೆಸರು ಗುರುಗಳದ್ದು, ವಿವರಣೆ ತಮ್ಮದು. ಅಷ್ಟು ದೂರದಿಂದ ದುಡ್ಡು ಕೊಟ್ಟು ಬಂದವರು ಕಲಿಯೋದು ಹೀಗೆ.

ನಮ್ಮ ಪೇಜೂ ಈಗ ಹಂಗೇ ಇದೆ. ಮೇಲೆ ಟರ್ಮ್, ಇಂಗ್ಲಿಷ್ ಅಕ್ಷರದಲ್ಲೇ. ಅದರ ಕೆಳಗೆ ಕನ್ನಡದಲ್ಲಿ ನಮಗೆ ಅರ್ಥವಾದ ರೀತಿ. ಅದರ ಕೆಳಗೆ ಪರೀಕ್ಷೆಗೆ ಬರೆಯೋ ನಾಲ್ಕು ಸಾಲು ಇಂಗ್ಲಿಷ್. ಡೆಡ್‌ಲಾಕನ್ನ 'ಬಿಕ್ಕಟ್ಟು' ಅಂತಲೋ 'ಸ್ತಂಭನ' ಅಂತಲೋ ಅನುವಾದ ಮಾಡೋ ಹುಚ್ಚಿಗೆ ನಾವು ಹೋಗಿಲ್ಲ. ಆ ಕೆಲಸ ಮಾಡೋರು ಮಾಡಲಿ, ನಮಗೆ ಸೆಮ್ ಪಾಸಾಗಬೇಕು.

ಯಾಕೆ ಕನ್ನಡದಲ್ಲಿ ಬರೆದಾಗ ತಲೆಗೆ ಹೋಗುತ್ತೆ? 2014ರಲ್ಲಿ ಮುಲ್ಲರ್ ಮತ್ತು ಓಪನ್‌ಹೈಮರ್ ಅನ್ನೋ ಇಬ್ಬರು ಸಂಶೋಧಕರು ಲ್ಯಾಪ್‌ಟಾಪಲ್ಲಿ ಟೈಪ್ ಮಾಡೋರಿಗಿಂತ ಕೈಯಲ್ಲಿ ಬರೆಯೋರು ವಿಷಯದ ತಿರುಳನ್ನ ಚೆನ್ನಾಗಿ ಹಿಡೀತಾರೆ ಅಂತ ಒಂದು ಪೇಪರ್ ಬರೆದ್ರು. ಟೈಪ್ ಮಾಡೋರು ಕೇಳಿದ್ದನ್ನ ಹಾಗೆಹಾಗೇ ಇಳಿಸಿಬಿಡ್ತಾರೆ ಅನ್ನೋದು ಅವರು ಕೊಟ್ಟ ಕಾರಣ. 2021ರಲ್ಲಿ ಬೇರೆ ತಂಡ ಅದೇ ಪ್ರಯೋಗವನ್ನ ಮತ್ತೆ ಮಾಡಿತು. ಟೈಪ್ ಮಾಡೋರು ಹಾಗೇ ಇಳಿಸ್ತಾರೆ ಅನ್ನೋದು ಮತ್ತೆ ಕಂಡಿತು, ಆದ್ರೆ ಟೆಸ್ಟ್ ಸ್ಕೋರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ 'ಪೆನ್ನೇ ಶ್ರೇಷ್ಠ' ಅಂತ ನಾನು ವಾದ ಮಾಡಲ್ಲ. ಆದ್ರೆ ಇಷ್ಟು ನನ್ನ ಅನುಭವ: ಇಂಗ್ಲಿಷ್ ಪಿಪಿಟಿ ನೋಡಿ ಇಂಗ್ಲಿಷಲ್ಲಿ ಟೈಪ್ ಮಾಡೋವಾಗ ನಾನು ನಿದ್ದೆ ಮಾಡ್ತಾನೂ ಮಾಡಬಲ್ಲೆ. ಅದನ್ನೇ ಕನ್ನಡದಲ್ಲಿ ಬರೀಬೇಕು ಅಂದ ತಕ್ಷಣ ಕಾಪಿ ಪೇಸ್ಟ್ ಕೆಲಸ ಮಾಡಲ್ಲ. ಅರ್ಥ ಆಗದೆ ಒಂದು ಸಾಲೂ ಮುಂದಕ್ಕೆ ಹೋಗಲ್ಲ. ಎಲ್ಲಿ ಸಿಕ್ಕಿಹಾಕ್ಕೊಂಡೆ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಈಗ ಶುರು ಮಾಡೋದು ಹೇಗೆ. ವಿಂಡೋಸಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ. ಕನ್ನಡ ಫೊನೆಟಿಕ್ ಅನ್ನೋ ಕೀಬೋರ್ಡ್ 2019ರಿಂದ ಅದರಲ್ಲೇ ಬರುತ್ತೆ, ಬೇರೆ ಸಾಫ್ಟ್‌ವೇರ್ ಬೇಡ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದ್ರೆ ಇಂಗ್ಲಿಷಿಂದ ಕನ್ನಡಕ್ಕೆ, ಮತ್ತೆ ಒತ್ತಿದ್ರೆ ವಾಪಸ್. ಲ್ಯಾಬ್ ಕಂಪ್ಯೂಟರಲ್ಲಿ ಸೆಟ್ಟಿಂಗ್ಸ್ ಮುಟ್ಟೋಕೆ ಬಿಡಲ್ಲ, ಅಲ್ಲಿ ಗೂಗಲ್ ಇನ್‌ಪುಟ್ ಟೂಲ್ಸ್ ಬ್ರೌಸರಲ್ಲೇ ನಡೆಯುತ್ತೆ. ಫೋನಲ್ಲಾದ್ರೆ ಜಿಬೋರ್ಡ್, ಅದಕ್ಕೆ ಕನ್ನಡದಲ್ಲಿ ಮಾತಾಡಿದ್ರೂ ಟೈಪ್ ಮಾಡ್ಕೊಳ್ಳುತ್ತೆ. ನನ್ನ ಗೆಳೆಯ ಸ್ಕೂಲಲ್ಲೇ ಕೆ.ಪಿ. ರಾವ್ ವಿನ್ಯಾಸದ ನುಡಿ ಕೀಬೋರ್ಡ್ ಕಲಿತವನು. ಅವನ ಸ್ಪೀಡು ನೋಡಿದ್ರೆ ನಾಚಿಕೆ ಆಗುತ್ತೆ. ನನಗೆ ಮೊದಲ ವಾರ ಒಂದು ಪ್ಯಾರಾಕ್ಕೆ ಇಪ್ಪತ್ತು ನಿಮಿಷ ಹಿಡೀತು. ಮೂರನೇ ವಾರಕ್ಕೆ ಪರವಾಗಿಲ್ಲ ಅನ್ನಿಸ್ತು.

ಒಂದು ಎಚ್ಚರಿಕೆ. ಯಾರಾದ್ರೂ ಹಳೇ ನುಡಿ ಫೈಲ್ ಕೊಟ್ರೆ ಅದನ್ನ ಬ್ರೌಸರಿಗೆ ಪೇಸ್ಟ್ ಮಾಡಿ ಗಾಬರಿ ಆಗಬೇಡಿ. ಆ ಹಳೇ ಫೈಲುಗಳು ಯುನಿಕೋಡ್ ಅಲ್ಲ. ಒಳಗಿರೋದು ಇಂಗ್ಲಿಷ್ ಕೋಡ್, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತೆ. ಫಾಂಟ್ ಹೋದ್ರೆ ವೇಷ ಕಳಚುತ್ತೆ. ಮೊದಲು ಯುನಿಕೋಡಿಗೆ ಬದಲಾಯಿಸಿ, ಆಮೇಲೆ ಪೇಸ್ಟ್ ಮಾಡಿ.

ಇನ್ನೊಂದು ನಾನೇ ಬಿದ್ದ ಹಳ್ಳ. ಇಂಟರ್ನಲ್ಸ್ ಹಿಂದಿನ ರಾತ್ರಿ 'ಡೆಡ್‌ಲಾಕ್' ಅಂತ ಸರ್ಚ್ ಮಾಡಿದೆ, ಪೇಜ್ ಸಿಗಲಿಲ್ಲ. ಡಿಲೀಟ್ ಆಯ್ತೇನೋ ಅಂತ ಎದೆ ಧಸಕ್ ಅಂತು. ಆಗಿದ್ದು ಇಷ್ಟೇ: ಅವನು ಡ ಕೆಳಗೆ ಲಾ ಒತ್ತು ಬರೋ ಹಾಗೆ 'ಡೆಡ್ಲಾಕ್' ಅಂತ ಬರೆದಿದ್ದ, ನಾನು ಬಿಡಿಸಿ ಬರೆದಿದ್ದೆ. ಬಿಡಿಸಿ ಬರೆದಾಗ ಮಧ್ಯದಲ್ಲಿ ಜೀರೊ ವಿಡ್ತ್ ನಾನ್ ಜಾಯ್ನರ್ ಅನ್ನೋ ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಕೂತಿರುತ್ತೆ. ಓದೋ ನಮಗೆ ಎರಡೂ ಒಂದೇ ಪದ. ಕೆಲವು ಸರ್ಚುಗಳಿಗೆ ಅವು ಬೇರೆ ಬೇರೆ. ಅದಕ್ಕೇ ಟರ್ಮನ್ನ ಇಂಗ್ಲಿಷ್ ಅಕ್ಷರದಲ್ಲೇ ಇಡೋದು ಅಂತ ಅವತ್ತು ತೀರ್ಮಾನ ಆಗಿದ್ದು. ಕಂಪ್ಯೂಟರ್ ಸೈನ್ಸ್ ಓದೋರು ಇಷ್ಟು ದಿನ ಇದನ್ನ ಸರಿ ಮಾಡದೆ ಬಿಟ್ಟಿದ್ದಾರಲ್ಲ ಅಂತ ಬೈಕೊಂಡೆ. ಆಮೇಲೆ ನೆನಪಾಯ್ತು, ಕಂಪ್ಯೂಟರ್ ಸೈನ್ಸ್ ಓದ್ತಿರೋದು ನಾನೇ.

'ಬ್ರೌಸರ್ ಯಾಕೆ, ಆ್ಯಪ್ ಇನ್‌ಸ್ಟಾಲ್ ಮಾಡ್ಕೊಂಡ್ರೆ ಆಯ್ತಲ್ಲ' ಅನ್ನೋರು ಲ್ಯಾಪ್‌ಟಾಪ್ ಇರೋರು. ನನ್ನ ಗೆಳೆಯನ ಹತ್ರ ಮೊದಲ ವರ್ಷ ಲ್ಯಾಪ್‌ಟಾಪ್ ಇರಲಿಲ್ಲ, ಈಗಲೂ ಇಲ್ಲ. ಫೋನಲ್ಲಿ ಸ್ಟೋರೇಜ್ ಫುಲ್, ಒಂದು ಆ್ಯಪ್ ಹಾಕಬೇಕು ಅಂದ್ರೆ ಮನೆಯವರ ಫೋಟೊ ಡಿಲೀಟ್ ಮಾಡಬೇಕು. ಅವನಿಗೆ ಲಿಂಕ್ ಒಂದಿದ್ರೆ ಸಾಕು. ಲೈಬ್ರರಿ ಕಂಪ್ಯೂಟರಲ್ಲಿ ಅರ್ಧ ಬರೆದು ಬಸ್ಸಲ್ಲಿ ಫೋನಲ್ಲಿ ಮುಗಿಸ್ತಾನೆ. ಆದ್ರೆ ಲ್ಯಾಬಲ್ಲಿ ಲಾಗೌಟ್ ಮಾಡೋದನ್ನ ಮರೀಬೇಡಿ. ನಾನು ಮರೆತ ಒಂದು ಮಧ್ಯಾಹ್ನ ಯಾರೋ ಪುಣ್ಯಾತ್ಮ ನಮ್ಮ ಪ್ರೊಸೆಸ್ ಶೆಡ್ಯೂಲಿಂಗ್ ಪೇಜಲ್ಲಿ ತಮ್ಮ ಕ್ರಷ್‌ಗೆ ಒಂದು ಕವನ ಬರೆದು ಹೋಗಿದ್ದರು. ಕವನ ಪರವಾಗಿಲ್ಲ ಅನ್ನೋ ಹಾಗಿತ್ತು. ಅದರ ಕೆಳಗಿದ್ದ ರೌಂಡ್ ರಾಬಿನ್ ಲೆಕ್ಕ ಮಾತ್ರ ಹೋಗಿತ್ತು.

ಉಚಿತ ಅನ್ನೋದನ್ನೂ ಶಾಶ್ವತ ಅಂದ್ಕೋಬೇಡಿ. 2023ರ ಕೊನೆಯಲ್ಲಿ ಎವರ್‌ನೋಟ್ ತನ್ನ ಉಚಿತ ಖಾತೆಗೆ 50 ನೋಟ್, ಒಂದೇ ನೋಟ್‌ಬುಕ್ ಅಂತ ಮಿತಿ ಹಾಕಿತು. ಐದು ಸಬ್ಜೆಕ್ಟ್, ಸಬ್ಜೆಕ್ಟಿಗೆ ಐದು ಮಾಡ್ಯೂಲ್. ಮಾಡ್ಯೂಲಿಗೆ ಒಂದೇ ನೋಟ್ ಅಂದ್ರೂ ಎರಡು ಸೆಮ್ಮಿಗೆ 50 ಮುಗೀತು. ನೋಷನ್ ಆದ್ರೆ ಎಕ್ಸ್‌ಪೋರ್ಟ್ ಒತ್ತಿದ್ರೆ ಪಿಡಿಎಫ್ ಕೊಡುತ್ತೆ, ಕೀಪ್ ಆದ್ರೆ ಗೂಗಲ್ ಟೇಕ್‌ಔಟಲ್ಲಿ ಇಳಿಸ್ಕೋಬಹುದು. ತಿಂಗಳಿಗೊಂದು ಸಲ ಮಾಡಿ. ಪರೀಕ್ಷೆ ಹಿಂದಿನ ದಿನ ನೆಟ್ ಹೋದಾಗ ಆ ಪಿಡಿಎಫ್ ದೇವರ ಥರ ಕಾಣುತ್ತೆ.

ನಮ್ಮ ಕ್ಲಾಸಲ್ಲೇ ಇದಕ್ಕೆ ವಿರೋಧ ಇದೆ. 'ಕೊನೆಗೆ ಬರೆಯೋದು ಇಂಗ್ಲಿಷಲ್ಲಿ, ಪ್ಲೇಸ್‌ಮೆಂಟ್ ಇಂಗ್ಲಿಷಲ್ಲಿ, ಸುಮ್ನೆ ಎರಡೆರಡು ಕೆಲಸ' ಅಂತ. ಈ ಮಾತನ್ನ ನಾನು ತಳ್ಳಿಹಾಕಲ್ಲ. 2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸೋಕೆ ಅನುಮತಿ ಕೊಟ್ಟಿದ್ರೂ ನಾವಿರೋದು ಇಂಗ್ಲಿಷ್ ಕ್ಲಾಸಲ್ಲೇ. ಎರಡು ಕೆಲಸ ಅನ್ನೋದೂ ನಿಜ. ಡೆಡ್‌ಲಾಕ್ ಒಂದಕ್ಕೇ ನಮಗೆ ಒಂದು ಸಂಜೆ ಹೋಯ್ತು. ಆದ್ರೆ ಆ ಮೂರನೇ ಭಾಗ, ಕೆಳಗಿನ ನಾಲ್ಕು ಸಾಲು ಇಂಗ್ಲಿಷ್, ಅದನ್ನ ಈಗ ಬರೀತಿರೋದು ಅವನು. ನಾನು ಅವನ ಆರ್ಟಿಕಲ್ಸ್ ತಿದ್ದುತೀನಿ, ಅವನು ನನ್ನ ಒತ್ತಕ್ಷರ ತಿದ್ದುತಾನೆ. ಕನ್ನಡ ಮೀಡಿಯಮ್ಮಿಂದ ಬಂದವರನ್ನ ನಾವು 'ಪಾಪ, ಕಷ್ಟಪಡ್ತಾರೆ' ಅಂತ ನೋಡ್ತೀವಲ್ಲ, ನನಗೆ ಸಿಟ್ಟು ಬರೋದು ಅದಕ್ಕೆ. ನಮ್ಮ ಕ್ಲಾಸಲ್ಲಿ ಡೆಡ್‌ಲಾಕ್ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಒಂದೂವರೆ ವರ್ಷ ಬಾಯಿ ಮುಚ್ಕೊಂಡು ಕೂತಿದ್ದ. ಅವನಿಗೆ ಗೊತ್ತಿಲ್ಲ ಅಂತಾನೇ ನಾವೆಲ್ಲ ಅಂದ್ಕೊಂಡಿದ್ವಿ, ನಾನೂ ಸೇರಿ.

ಎರಡನೇ ಇಂಟರ್ನಲ್ಸಲ್ಲಿ ನನಗೆ 17, ಅವನಿಗೆ 21. ಕ್ಲಾಸಲ್ಲಿ ಈಗಲೂ ಜಾಸ್ತಿ ಮಾತಾಡಲ್ಲ. ಪೇಜಲ್ಲಿ ಮಾತ್ರ ಅವನನ್ನ ನಿಲ್ಲಿಸೋಕಾಗಲ್ಲ.

ಲಿಂಕ್ ಈಗ ಹನ್ನೊಂದು ಜನರ ಹತ್ರ ಇದೆ. ಅದರಲ್ಲಿ ಇಬ್ಬರಿಗೆ ಕನ್ನಡ ಓದೋಕೆ ಬರಲ್ಲ, ಒಬ್ಬರು ಹಿಂದಿಯಲ್ಲಿ, ಇನ್ನೊಬ್ಬರು ಮಲಯಾಳಂನಲ್ಲಿ ತಮ್ಮ ಸಾಲು ಸೇರಿಸಿದ್ದಾರೆ. ಮೊನ್ನೆ ಯಾರೋ ಹೆಸರು ಹಾಕದೆ ಥ್ರ್ಯಾಶಿಂಗ್ ಕೆಳಗೆ ಒಂದು ಪ್ರಶ್ನೆ ಬರೆದಿದ್ದಾರೆ: 'ಪ್ರೊಸೆಸ್ ಜಾಸ್ತಿ ಆದಷ್ಟೂ ಸಿಪಿಯು ಕೆಲಸ ಯಾಕೆ ಕಡಿಮೆ ಆಗುತ್ತೆ? ಮನೇಲಿ ಹೇಳೋ ಥರ ಹೇಳಿ.' ನಾನು ಎರಡು ಸಲ ಬರೆದು ಅಳಿಸಿದೆ. ಅವನೂ ಯೋಚನೆ ಮಾಡ್ತಿದಾನೆ. ನಿಮ್ಮಲ್ಲಿ ಯಾರಿಗಾದ್ರೂ ಹೊಳೆದ್ರೆ ಲಿಂಕ್ ಕೇಳಿ, ಕೊಡ್ತೀನಿ.