‘ಪೂರ್ಣ ಸಾಮರ್ಥ್ಯಕ್ಕೆ ಬಂದಾಗ’ ಎಂದರೆ ಯಾವಾಗ?

ಬಾಂದ್ರಾ ಪೂರ್ವದ ಬಿಕೆಸಿಯಲ್ಲಿ, ಒಂದೇ ಜಿ ಬ್ಲಾಕಿನಲ್ಲಿ, ಸೆಬಿಯ ಕೇಂದ್ರ ಕಚೇರಿಯೂ ಇದೆ, ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜೂ ಇದೆ. ಬೆಂಗಳೂರಿನ ಕಂಪನಿಗಳು ಆಡುವ ಮಾತಿಗೆ ಬೆಲೆ ಕಟ್ಟುವುದೂ ಇಲ್ಲೇ, ಲೆಕ್ಕ ಕೇಳಬೇಕಾದವರು ಇರುವುದೂ ಇಲ್ಲೇ. ಸುಳ್ಳು ಹೇಳಿದವರನ್ನು ಹಿಡಿಯಲು ಕಾನೂನಿದೆ. ಮಬ್ಬಾಗಿ ಹೇಳಿದವರಿಗೆ? ದಂಡವಂತೂ ಇಲ್ಲ, ಎಷ್ಟೋ ಸಲ ಬಹುಮಾನವೇ ಸಿಗುತ್ತದೆ.

ಓಲಾ ಎಲೆಕ್ಟ್ರಿಕ್ ನೋಡಿ. ಕೃಷ್ಣಗಿರಿ ಜಿಲ್ಲೆಯ ತನ್ನ ಫ್ಯೂಚರ್‌ಫ್ಯಾಕ್ಟರಿ ಪೂರ್ಣ ಸಾಮರ್ಥ್ಯಕ್ಕೆ ಬಂದಾಗ ವರ್ಷಕ್ಕೆ 1 ಕೋಟಿ ವಾಹನ, ಎರಡು ಸೆಕೆಂಡಿಗೊಂದು ಸ್ಕೂಟರ್ ಎಂದು 2021ರಲ್ಲಿ ಸಾರಿತು. ಎಲ್ಲರಿಗೂ ಕಂಡದ್ದು 1 ಕೋಟಿ. ವಾಕ್ಯದ ಭಾರವೆಲ್ಲ ಇದ್ದದ್ದು ‘ಬಂದಾಗ’ ಎಂಬ ಪದದ ಮೇಲೆ. 2023-24ರಲ್ಲಿ ಗ್ರಾಹಕರ ಕೈ ಸೇರಿದ್ದು ಸುಮಾರು 3.3 ಲಕ್ಷ. 2024ರ ಆಗಸ್ಟಿನಲ್ಲಿ 76 ರೂಪಾಯಿಗೆ ವಿತರಿಸಿದ ಷೇರು ಅದೇ ತಿಂಗಳು 157 ಮುಟ್ಟಿತು.

2025ರ ಫೆಬ್ರವರಿಯಲ್ಲಿ 25,000 ವಾಹನ ‘ಮಾರಾಟ’ವಾಯಿತು ಎಂದಿತು ಕಂಪನಿ. ಸರ್ಕಾರದ ವಾಹನ್ ಪೋರ್ಟಲಿನಲ್ಲಿ ಆ ತಿಂಗಳ ನೋಂದಣಿ 9,000ಕ್ಕೂ ಕಡಿಮೆ. ನೋಂದಣಿ ಏಜೆನ್ಸಿಗಳ ಜೊತೆಗಿನ ಒಪ್ಪಂದ ಬದಲಿಸುತ್ತಿರುವುದರಿಂದ ತಡವಾಗಿದೆ ಎಂಬ ಸಮಜಾಯಿಷಿ ಬಂತು. ಇರಬಹುದು. ಆದರೆ ಮಾರಾಟ ಎಂದರೆ ಬುಕಿಂಗೋ, ಡೆಲಿವರಿಯೋ, ನೋಂದಣಿಯೋ? ಮೊದಲ ದಿನವೇ ಹೇಳಬಹುದಿತ್ತಲ್ಲ? ಜುಲೈನಲ್ಲಿ ಇಡೀ ವರ್ಷಕ್ಕೆ 3.25ರಿಂದ 3.75 ಲಕ್ಷ ವಾಹನಗಳ ಅಂದಾಜು ಕೊಟ್ಟಿತು. ಆ ತ್ರೈಮಾಸಿಕದ ನಷ್ಟ 428 ಕೋಟಿ ರೂಪಾಯಿ. ಆದರೂ ಅದೇ ದಿನ ಷೇರು ಶೇ. 15ಕ್ಕೂ ಹೆಚ್ಚು ಜಿಗಿಯಿತು. ನವೆಂಬರ್ ಹೊತ್ತಿಗೆ ಅಂದಾಜು ಸುಮಾರು 2.2 ಲಕ್ಷಕ್ಕೆ ಇಳಿದಿತ್ತು. ಜುಲೈನಲ್ಲಿ ಕೊಂಡವನನ್ನು ಕೇಳುವವರು ಯಾರು?

ಇದು ನಡೆಯುವ ಬಗೆ ಸರಳ. ಕಂಪನಿ ಷರತ್ತು ಹಾಕಿ ಒಂದು ಸಂಖ್ಯೆ ಹೇಳುತ್ತದೆ. ಅನಲಿಸ್ಟ್ ಅದನ್ನು ಎಕ್ಸೆಲ್‌ಗೆ ಹಾಕುತ್ತಾನೆ. ಷರತ್ತಿಗೆ ಅಲ್ಲಿ ಕಾಲಂ ಇಲ್ಲ. ಅಲ್ಲಿಂದ ಟಾರ್ಗೆಟ್ ಪ್ರೈಸ್ ಹುಟ್ಟುತ್ತದೆ, ಟಿವಿಯಲ್ಲಿ ಓಡುತ್ತದೆ, ಕೊನೆಗೆ ನಮ್ಮ ಫೋನಿಗೆ ಬರುತ್ತದೆ. ಪ್ರತಿ ಮೆಟ್ಟಿಲಲ್ಲೂ ಒಂದೊಂದು ‘ಆದರೆ’ ಉದುರುತ್ತದೆ. ಸಂಖ್ಯೆ ತಪ್ಪಿದಾಗ ಮಾತ್ರ ಕಂಪನಿ ಉದುರಿದ ಷರತ್ತನ್ನು ಹೆಕ್ಕಿ ತೋರಿಸುತ್ತದೆ: ನಾವು ಹೇಳಿದ್ದೆವಲ್ಲ!

ಸ್ಪಷ್ಟವಾಗಿ ಹೇಳಿದವರ ಪಾಡೇನು? 2013ರ ಏಪ್ರಿಲ್ 12ರಂದು ಇನ್ಫೋಸಿಸ್ ಡಾಲರ್ ಆದಾಯ ಶೇ. 6ರಿಂದ 10 ಬೆಳೆಯಬಹುದು ಎಂದಿತು. ಷೇರು ಒಂದೇ ದಿನ ಶೇ. 21 ಕುಸಿಯಿತು. ವರ್ಷ ಮುಗಿದಾಗ ಬೆಳವಣಿಗೆ ಶೇ. 11.5! ತಪ್ಪಿದ್ದು ಹೌದು, ಆದರೆ ಎಷ್ಟು ತಪ್ಪಿತೆಂದು ಯಾರು ಬೇಕಾದರೂ ಅಳೆಯಬಹುದು. ‘ಬಂದಾಗ’ ಎಂಬುದನ್ನು ಯಾವ ಅಳತೆಪಟ್ಟಿಯಲ್ಲಿ ಅಳೆಯುವುದು?

ಭವಿಷ್ಯ ಯಾರಿಗೆ ಗೊತ್ತು, ಬಿಗಿ ಮಾಡಿದರೆ ಕಂಪನಿಗಳು ಬಾಯಿಯೇ ಬಿಡುವುದಿಲ್ಲ ಎನ್ನುತ್ತಾರೆ. ನಾನು ಭವಿಷ್ಯವಾಣಿ ಕೇಳುತ್ತಿಲ್ಲ. ನಮ್ಮ ಐಟಿ ಪ್ರಾಜೆಕ್ಟುಗಳಲ್ಲೂ ಅಂದಾಜು ತಪ್ಪುತ್ತದೆ. ಆದರೆ ಹಳೆಯ ದಿನಾಂಕವನ್ನು ಅಳಿಸುವಂತಿಲ್ಲ. ಅದರ ಪಕ್ಕದಲ್ಲೇ ಹೊಸದನ್ನೂ ಕಾರಣವನ್ನೂ ಬರೆಯಬೇಕು. ಇಪ್ಪತ್ತು ಜನರ ತಂಡ ಪಾಲಿಸುವ ಈ ಶಿಸ್ತು ಲಕ್ಷಾಂತರ ಜನರ ಉಳಿತಾಯವನ್ನು ಹಿಡಿದಿರುವ ಕಂಪನಿಗೆ ಹೊರೆಯೇ?

ಇದು ಸೆಬಿಗೆ ಹೊಸದೂ ಅಲ್ಲ. ಲಿಸ್ಟಿಂಗ್ ನಿಯಮಗಳ 32ನೇ ನಿಯಮದ ಪ್ರಕಾರ, ಐಪಿಒ ಹಣವನ್ನು ಹೇಳಿದ್ದಕ್ಕೇ ಬಳಸಿದಿರೋ, ಬೇರೆ ಕಡೆ ತಿರುಗಿಸಿದಿರೋ ಎಂದು ಕಂಪನಿಗಳು ಪ್ರತಿ ತ್ರೈಮಾಸಿಕ ತಿಳಿಸಬೇಕು. ಹಣಕ್ಕೆ ಇರುವ ಲೆಕ್ಕ ಮಾತಿಗೂ ಇರಲಿ. ಉತ್ಪಾದನೆಯ ಅಂದಾಜು ಕೊಟ್ಟವರು ನಾಲ್ಕು ಕಾಲಂ ತುಂಬಲಿ: ಏನು ಹೇಳಿದ್ದೆವು, ಯಾವ ದಿನಾಂಕಕ್ಕೆ, ಏನಾಯಿತು, ಏಕೆ ಬದಲಾಯಿತು. ಯಾವ ಅಂದಾಜನ್ನೂ ಕೊಡದಿರುವ ಸ್ವಾತಂತ್ರ್ಯವೂ ಇರಲಿ.

ಸೆಬಿ ಮಾಡುವ ತನಕ ಕಾಯಬೇಕಿಲ್ಲ. ಡಿಮ್ಯಾಟ್ ಖಾತೆ ಇರುವ ನಾವು, ಇಎಸ್‌ಒಪಿ ನಂಬಿ ಸಂಬಳ ಕಡಿಮೆ ಒಪ್ಪಿಕೊಂಡ ನಾವು, ಮುಂದಿನ ವಾರ್ಷಿಕ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳೋಣ: ‘ಬಂದಾಗ’ ಎಂದರೆ ಯಾವ ತಾರೀಕು, ಸ್ವಾಮಿ?